ಇದ್ರೀಸನ ಬಿಸಿಲು

ನಮ್ಮೂರಿಗೆ ಹೊರಗಿನಿಂದ ಬರೋರು ಬರಿಗೈಲಿ ಬಂದರೂ ತಮ್ಮೂರಿನ ಹವೆಯನ್ನ ಮಾತ್ರ ಜೊತೆಗೇ ತರ್ತಾರೆ. ಅಲ್ಲಿ ಮಳೆ ಅಂದ್ರೆ ಇಲ್ಲಿ ಅವರ ಮೈಸುತ್ತ ಒಂದು ಮಾರಿನಷ್ಟು ಜಾಗದಲ್ಲಿ ಮಳೆ. ಅಲ್ಲಿ ಮಂಜು ಅಂದ್ರೆ ಇಲ್ಲೂ ಮಂಜು. ಬಸ್ಸಲ್ಲಿ ಅಂಥವರ ಪಕ್ಕ ಸೀಟು ಸಿಕ್ಕಿದ್ರೆ ನಾವು ಕೊಡೆ ಬಿಚ್ಚಿಕೊಂಡು ಕೂತ್ಕೋತೀವಿ, ಅಷ್ಟೆ. ಇದರಲ್ಲಿ ಆಶ್ಚರ್ಯ ಪಡೋಕೆ ಇಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆದ್ರೆ ಇಂಥವರನ್ನೆಲ್ಲ ಒಂದೇ ಸೂರಿನ ಕೆಳಗೆ ಕೂರಿಸಿ ಹಪ್ಪಳ ಮಾಡಿಸೋದು ಇದೆಯಲ್ಲ, ಅದು ಎಂಥ ಪಾಡು ಅಂತ ನನ್ನ ಕೇಳಿ.

ನನ್ನ ಹೆಸರು ನಂಜಮ್ಮ. ಓಂಕಾರಪ್ಪನವರ ಹಪ್ಪಳದ ಶೆಡ್ಡಿನಲ್ಲಿ ಮೇಸ್ತ್ರಿ. ಊರಿನ ಹೆಂಗಸರು, ಹೊರಗಿನಿಂದ ಬಂದವರು, ಎಲ್ಲರಿಗೂ ನಂಜಕ್ಕ. ಯಾರನ್ನ ಎಲ್ಲಿ ಕೂರಿಸಬೇಕು ಅನ್ನೋದೇ ನನ್ನ ಅರ್ಧ ಕೆಲಸ. ದ್ವೀಪದಿಂದ ಬಂದ ಅಣ್ಣ ತಂಗಿಗೆ ಯಾವಾಗ ನೋಡಿದ್ರೂ ಸೋನೆ ಮಳೆ, ಅವರನ್ನ ಹಿಟ್ಟು ಕಲಸೋಕೆ ಹಾಕಿದೆ. ಹಿಮದ ಗುಡ್ಡದಿಂದ ಬಂದ ಪೆಮಾಳನ್ನ ಒಲೆ ಹತ್ತಿರ ಕೂರಿಸಿದೆ. ಗಾಳಿ ಸೀಮೆಯವನೊಬ್ಬ ಬಂದಿದ್ದ, ಗೊತ್ತಾಗದೆ ಅವನನ್ನ ಉದ್ದಿನ ಹಿಟ್ಟಿನ ಚೀಲದ ಪಕ್ಕ ನಿಲ್ಲಿಸಿಬಿಟ್ಟೆ. ಒಂದು ಗಳಿಗೆಯಲ್ಲಿ ಶೆಡ್ಡಿನವರೆಲ್ಲ ದೆವ್ವಗಳಾಗಿದ್ರು. ಹವೆಯದೇನೋ ಕಣ್ಣಿಗೆ ಕಾಣುತ್ತೆ, ಕಾಣದೆ ಇರೋದೇ ಕಷ್ಟ. ನಿಂತುಕೊಂಡು ಕೆಲಸ ಹೇಳಿದ್ರೆ ದ್ವೀಪದವರಿಗೆ ಅವಮಾನ. ಪಕ್ಕದಲ್ಲಿ ಕೂತು ಹೇಳಿದ್ರೆ ಗುಡ್ಡದವರ ಲೆಕ್ಕದಲ್ಲಿ ನಾನು ಮೇಸ್ತ್ರಿಯೇ ಅಲ್ಲ. ಅರ್ಧ ಕೂತು ಅರ್ಧ ನಿಂತು ಹೇಳಿ ಹೇಳಿ ನನ್ನ ಮೊಣಕಾಲು ಹಾಳಾಗಿ ಹೋಯ್ತು.

ಬಂದವರ ಹವೆ ಹಂಗೇ ಇದ್ದುಬಿಡಲ್ಲ, ಒಂದಲ್ಲ ಒಂದು ದಿನ ಹೋಗುತ್ತೆ. ಯಾರ ಮನೆಯ ಜಗಲಿಯಲ್ಲಾದರೂ ಕೂತು ಉಂಡು, ಯಾರ ಬಾಯಲ್ಲಾದರೂ ಅಣ್ಣ, ಅತ್ತಿಗೆ ಅಂತ ಮನಸಾರೆ ಕರೆಸಿಕೊಂಡು, ಈ ಊರು ತಮ್ಮದೇ ಅನ್ನಿಸಿದಾಗ ಪದರ ಪದರವಾಗಿ ತೆಳುವಾಗುತ್ತೆ. ಆಮೇಲೆ ಅವರ ಮೇಲೂ ನಮ್ಮ ಬಿಸಿಲೇ, ನಮ್ಮ ಮಳೆಯೇ. ಕೆಲವರಿಗೆ ಬೇಗ, ಕೆಲವರಿಗೆ ನಿಧಾನ. ಪೆಮಾಳ ಹಿಮ ಯಾಕೋ ಹೋಗಲೇ ಇಲ್ಲ ಅಂತ ನಾವು ಮಾತಾಡಿಕೊಳ್ತಿದ್ವಿ, ಆಮೇಲೆ ಬೇಸಿಗೆ ಬಂದಾಗ ಅವಳ ಪಕ್ಕಕ್ಕೇ ಜರುಗಿ ಕೂತು ಲಟ್ಟಣಿಗೆ ಹಿಡೀತಿದ್ವಿ.

ಮಳೆಗಾಲ ಬಂತು ಅಂದ್ರೆ ಶೆಡ್ಡಿಗೆ ಬೀಗ. ಹಪ್ಪಳ ಲಟ್ಟಿಸಬಹುದು, ಒಣಗಿಸೋದು ಎಲ್ಲಿ? ಹೆಂಗಸರೆಲ್ಲ ಮನೇಲಿ ಕೂತು ಗಂಜಿ ತೆಳುವಾಗೋದನ್ನ ನೋಡ್ತಿದ್ರು. ಅಂಥ ಒಂದು ಮಳೆಗಾಲದ ಮೊದಲಲ್ಲಿ ಹೊಳೆ ದಾಟಿ ಬಂದವನೇ ಇದ್ರೀಸ್. ಅವನ ಊರು ಮರಳುಗಾಡಿನ ಅಂಚಿನಲ್ಲಂತೆ. ಯುದ್ಧ ಬಂದು ಮನೆಗಳೆಲ್ಲ ನೆಲಕ್ಕೆ ಬಿದ್ದವಂತೆ. ಆದ್ರೆ ಬಿಸಿಲಿಗೆ ಯಾವ ಯುದ್ಧ? ಸುರಿಯೋ ಮಳೆಯಲ್ಲಿ ಇದ್ರೀಸ್ ನಮ್ಮ ಅಂಗಳಕ್ಕೆ ಬಂದು ನಿಂತಾಗ ಅವನ ಸುತ್ತ ಒಂದು ಮಾರು ನೆಲ ಹಬೆಯಾಡಿ ಒಣಗಿಹೋಯ್ತು. ಓಂಕಾರಪ್ಪನವರು ಗದ್ದಿಗೆಯಿಂದ ಎದ್ದು ಓಡಿ ಬಂದದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು.

ಅವನಿಗೆ ಮಾಡೋಕೆ ಕೆಲಸವೇನೂ ಇರಲಿಲ್ಲ. ಅಂಗಳದ ನಡುವೆ ಒಂದು ಸ್ಟೂಲ್ ಹಾಕಿ ಕೂರಿಸಿದ್ರು. ಸುತ್ತ ಚಾಪೆಗಳು. ಒಣಗಿದ ಚಾಪೆ ತೆಗೀಬೇಕು, ಹಸಿ ಚಾಪೆ ಇಡಬೇಕು. ಮಳೆ, ಹಿಮದ ಹಂಗಲ್ಲ, ಬಿಸಿಲಿಗೆ ಸೂರು ಆಗಿಬರಲ್ಲ, ಅದಕ್ಕೇ ಅವನು ಬಯಲಲ್ಲೇ ಕೂರಬೇಕು. ಸುತ್ತೆಲ್ಲ ಧೋ ಅಂತ ಮಳೆ, ಅವನ ಬಿಸಿಲೊಳಗೆ ಹಪ್ಪಳ ಗರಿಗರಿ. ಆ ವರ್ಷ ಯಾರ ಮನೆಯಲ್ಲೂ ಗಂಜಿ ತೆಳುವಾಗಲಿಲ್ಲ.

ಓಂಕಾರಪ್ಪನವರು ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ್ರು: "ನಂಜಮ್ಮ, ಅವನಿಗೆ ಏನೂ ಕಮ್ಮಿ ಮಾಡಬೇಡ. ತುಪ್ಪ ಹಾಕು, ಕೆನೆಮೊಸರು ಹಾಕು. ಹೊಸ ಹಾಸಿಗೆ ಕೊಡಿಸು. ಆದ್ರೆ ಜೊತೇಲಿ ಕೂತು ಉಣ್ಣಬೇಡಿ. ಅಣ್ಣ, ತಮ್ಮ ಅಂತ ಯಾರೂ ಕರೀಬೇಡಿ. ಗೋಡೌನ್ ಹಿಂದಿನ ಕೋಣೇಲಿ ಒಬ್ಬನೇ ಇರಲಿ. ಅವನಿಗೆ ಇದು ಮನೆ ಅನ್ನಿಸಬಾರದು, ತಿಳೀತಾ?"

ತಿಳಿದಿದ್ರಿಂದ ಏನು ಬಂತು? ನನ್ನ ನಾಲಗೆ ನನ್ನ ಮಾತು ಕೇಳಬೇಕಲ್ಲ. ನಾನು ಹಾಲಿನವನಿಗೂ ತಮ್ಮ ಅನ್ನೋಳು, ಬೈಯೋವಾಗಲೂ ತಮ್ಮ ಅಂತಲೇ ಬೈಯೋಳು. ಒಂದು ದಿನ ಅವನು ಕಾಲು ಮಡಚಿಕೊಂಡು ಮಂಕಾಗಿ ಕೂತಿದ್ದು ನೋಡಿ, "ಕಾಲು ಚಾಚ್ಕೋ ತಮ್ಮಾ, ಹಂಗೇ ಕೂತ್ರೆ ಜೋಮು ಹಿಡಿಯುತ್ತೆ" ಅಂದುಬಿಟ್ಟೆ. ಅವನು ತಲೆಯೆತ್ತಿ ನೋಡಿದ. ಅವನ ಕಣ್ಣು ಒಂದು ಥರ ಆಯ್ತು, ಬಿಸಿಲು ಕಂದಿತು, ಅಂಚಿನ ಚಾಪೆಗಳ ಮೇಲೆ ಪಟಪಟ ಹನಿ ಬಿತ್ತು. ಓಂಕಾರಪ್ಪನವರು ಕಿಟಕಿಯಿಂದ, "ನಂಜಮ್ಮಾ, ಬಾಯಿಗೆ ಬೀಗ ಹಾಕ್ಕೊಳ್ಳೇ!" ಅಂತ ಕೂಗಿಕೊಂಡ್ರು. ಹೆಂಗಸರೂ ನನ್ನನ್ನೇ ಗದರಿದ್ರು. ಅವತ್ತಿನಿಂದ ಅವನ ಹತ್ತಿರ ಹೋಗುವಾಗ ಸೆರಗು ಬಾಯಿಗೆ ಒತ್ತಿಕೊಂಡು ಹೋಗೋದು ಅಭ್ಯಾಸ ಮಾಡ್ಕೊಂಡೆ.

ಇದ್ರೀಸನ ಹೆಂಡತಿ ಸಕೀನಾ. ಓಡಿ ಬರುವಾಗ ಇಬ್ಬರೂ ಕೈತಪ್ಪಿದ್ರು. ಅವಳು ಬಹಳ ತಡವಾಗಿ, ಹೊಳೆಯಾಚೆ ಹೊರಗಿನವರನ್ನ ಕಾಯಿಸೋ ಶೆಡ್ಡಿಗೆ ಬಂದು ಸೇರಿದ್ಲು. ನಮ್ಮಲ್ಲಿ ಪದ್ಧತಿ ಏನು ಅಂದ್ರೆ, ಹೊರಗಿನವರನ್ನ ಹೊಳೆ ದಾಟಿಸಬೇಕಾದ್ರೆ ಊರಿನವರು ಇಬ್ಬರು ದೋಣಿ ಕಟ್ಟೆಗೆ ಹೋಗಿ, ಕಲ್ಲಿನ ಮೇಲೆ ನಿಂತು, "ಇವರು ನಮ್ಮವರು, ನಮ್ಮ ಮನೇಲಿ ಜಾಗ ಇದೆ" ಅಂತ ಗಟ್ಟಿಯಾಗಿ ಹೇಳಬೇಕು. ಮೈಮೇಲೆ ಇನ್ನೂ ಹೊರಗಿನ ಹವೆ ಇರೋರು ಇನ್ನೊಬ್ಬರ ಪರವಾಗಿ ಹೇಳೋ ಹಂಗಿಲ್ಲ. ಇದ್ರೀಸನ ಪರವಾಗಿ ಇಬ್ಬರನ್ನ ಕಳಿಸಿ ಹಂಗೆ ಹೇಳಿಸಿದ್ದು ಓಂಕಾರಪ್ಪನವರೇ, ಅವನ ಬಿಸಿಲನ್ನ ಅವರು ಕಂಡದ್ದು ಮಾತ್ರ ಅವನು ಅಂಗಳಕ್ಕೆ ಬಂದಮೇಲೆ. ಸಕೀನಾಳನ್ನೂ ತರ್ತೀನಿ ಅಂತ ಮಾತು ಕೊಟ್ಟಿದ್ರು. "ಮಳೆಗಾಲ ಕಳೀಲಿ" ಅಂದಿದ್ರು. ಆ ಮಳೆಗಾಲ ಕಳೀತು. ಇನ್ನೊಂದು ಮಳೆಗಾಲ ಬಂತು.

ಆ ಎರಡನೇ ಮಳೆಗಾಲದಲ್ಲೇ ನಮ್ಮ ಕೆಂಪಿಯ ಮೊಮ್ಮಗುವಿಗೆ ಹೆಸರಿಡೋ ಶಾಸ್ತ್ರ. ಕೆಂಪಿ ಅಂದ್ರೆ ಕೆಂಪಮ್ಮ, ಶೆಡ್ಡಿನಲ್ಲಿ ಅವಳಷ್ಟು ತೆಳ್ಳಗೆ ಲಟ್ಟಿಸೋರು ಇನ್ನೊಬ್ಬರಿಲ್ಲ. ಅಳಿಯ ಹೇಳದೆ ಕೇಳದೆ ಹೋದಮೇಲೆ ಮಗಳು, ಕೂಸು ಇಬ್ಬರೂ ಅವಳ ಕೈ ಮೇಲೇ ಇದ್ರು. ಶೆಡ್ಡಿನವರನ್ನೆಲ್ಲ ಕರೆದ್ಲು. ಪೆಮಾಳನ್ನ ಮಾತ್ರ, "ಕೂಸಿಗೆ ಶೀತ ಆದೀತು, ಬೇಜಾರು ಮಾಡ್ಕೋಬೇಡ" ಅಂತ ಬಿಟ್ಲು. ಅಂಗಳದಲ್ಲಿ ಬೇರೆ ಎಲೆ ಹಾಕಿದ್ರಾಯ್ತು ಅಂತ ಇದ್ರೀಸನನ್ನ ಕರೆಯೋಕೆ ಹೋದಾಗ ಅವನು ಮುಖ ಆಚೆ ತಿರುಗಿಸಿಕೊಂಡು, "ಬರಲ್ಲ" ಅಂದ. ಒಂದೇ ಮಾತು. ಕೆಂಪಿಗೆ ಮೈಯೆಲ್ಲ ಉರಿದುಹೋಯ್ತು. "ತುಪ್ಪ ತಿಂದು ತಿಂದು ಕೊಬ್ಬು ಬಂದಿದೆ ಇವನಿಗೆ! ಊರಿನೋರ ಮನೆ ಊಟ ಕಹಿಯೇನೋ" ಅಂತ ಶೆಡ್ಡು ತುಂಬ ಕೂಗಾಡಿದ್ಲು. ಮಿಕ್ಕವರೂ ತಲೆಯಾಡಿಸಿದ್ರು. ನಿಜ ಹೇಳ್ತೀನಿ, ನನಗೂ ಕೋಪ ಬಂತು. ಹೊರಗಿನಿಂದ ಬಂದವನು ಅಂತ ನಾವು ಇಷ್ಟು ಹುಷಾರಾಗಿ ನೋಡ್ಕೊಂಡ್ರೆ ಇದೇನಾ ಮರ್ಯಾದೆ?

ಬೈದೇ ಬಿಡೋಣ ಅಂತ ಅವತ್ತು ಸಂಜೆ ಅವನನ್ನ ಹುಡುಕ್ಕೊಂಡು ಹೋದೆ. ಹೊಳೆ ದಂಡೆಯಲ್ಲಿ ನಿಂತಿದ್ದ. ಮಳೆ ಸಣ್ಣಗೆ ಹಿಡಿದಿತ್ತು. ಅವನ ಸುತ್ತ ಬಿಸಿಲು. ಆಚೆ ದಡದಲ್ಲಿ, ಮಳೆಯ ಆ ಮಬ್ಬಿನಲ್ಲಿ, ಇನ್ನೊಂದು ಬಿಸಿಲಿನ ತುಂಡು ಕಾಣ್ತಿತ್ತು. ಅದರೊಳಗೆ ಒಂದು ಹೆಂಗಸು. ಇಬ್ಬರೂ ಕೈಯಾಡಿಸ್ತಿರಲಿಲ್ಲ, ಕೂಗ್ತಿರಲಿಲ್ಲ. ಸುಮ್ಮನೆ ನಿಂತಿದ್ರು. ಬೈಯೋಕೆ ಬಂದವಳು ಅವನ ಪಕ್ಕ ಹೋಗಿ ನಿಂತೆ.

"ಹೆಸರಿಡೋಕೆ ಯಾಕೆ ಬರಲ್ಲ ಅಂದೆ?" ಅಂತ ಮೆಲ್ಲಗೆ ಕೇಳಿದೆ.

"ಬಂದ್ರೆ ಬಿಸಿಲು ಹೋಗುತ್ತೆ ಮೇಸ್ತ್ರಮ್ಮ" ಅಂದ. ನಮ್ಮ ಮಾತು ಅವನಿಗೆ ಆಗಲೇ ಚೆನ್ನಾಗಿ ಬರ್ತಿತ್ತು, ಆದ್ರೆ ಅಕ್ಕ ಅಂತ ಮಾತ್ರ ಒಮ್ಮೆಯೂ ಕರೆದಿರಲಿಲ್ಲ. "ಬಿಸಿಲು ತೆಳುವಾದ್ರೆ ಸಕೀನಾನ ಕರ್ಕೊಂಡು ಬರಲ್ಲ ಅಂದಿದ್ದಾರೆ ಯಜಮಾನ್ರು. ಅವತ್ತು ನೀವು ತಮ್ಮ ಅಂದ್ರಲ್ಲ, ನನಗೆ ಒಳಗೆ ಏನೋ ಸಡಿಲ ಆಯ್ತು. ಹೆದರಿಹೋದೆ. ಕಣ್ಣು ಮುಚ್ಚಿ ನಮ್ಮೂರಿನ ಬಾವಿ ನೆನೆಸ್ಕೊಂಡೆ. ಸಾಲಲಿಲ್ಲ. ಅಪ್ಪನ್ನ ಹೂತ ಜಾಗ ನೆನೆಸ್ಕೊಂಡೆ. ಆಮೇಲೆ ಬಿಸಿಲು ಗಟ್ಟಿಯಾಯ್ತು."

"ದಿನಾ ಹಂಗೇ ಮಾಡ್ತೀಯಾ?"

"ಕೆಂಪಮ್ಮ ನಕ್ಕರೆ ಮಾಡ್ಬೇಕು. ಯಾರಾದ್ರೂ ಹಾಡಿದ್ರೆ ಮಾಡ್ಬೇಕು. ಅದಕ್ಕೇ ಅವರು ಮಾತಾಡಿಸಿದ್ರೆ ಮುಖ ತಿರುಗಿಸ್ತೀನಿ. ನಿಮ್ಮವರಿಗೆ ಹೇಳಿ, ನನಗೆ ಕೊಬ್ಬಿಲ್ಲ."

ನನಗೆ ಅಲ್ಲೇ ನಿಂತಲ್ಲೇ ಅಳು ಬಂತು. ಗಾಯ ಆರಬಾರದು ಅಂತ ದಿನಾ ತಾನೇ ಕೆರ್ಕೊಂಡು ಕೂತಿದ್ದಾನಲ್ಲ ಈ ಪಾಪದವನು, ಅದೂ ನಮ್ಮ ಹಪ್ಪಳ ಒಣಗೋಕೆ! ಸೆರಗಲ್ಲಿ ಮೂಗು ಒರೆಸ್ಕೊಂಡು ಸೀದಾ ಓಂಕಾರಪ್ಪನವರ ಮನೆಗೆ ಹೋದೆ.

ಅವರು ಕಾಫಿ ಕುಡೀತಿದ್ರು. ನನಗೂ ತರಿಸಿದ್ರು. ನಾನು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡು, "ಮಳೆಗಾಲ ಕಳೀಲಿ ಅಂದೆ ನಿಜ. ಯಾವ ಮಳೆಗಾಲ ಅಂತ ಹೇಳಿದ್ನಾ?" ಅಂದ್ರು. ತಮ್ಮ ಮಾತಿಗೆ ತಾವೇ ನಗೋಕೆ ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದ್ರು. "ನೋಡು, ಹೆಂಡತಿ ಬಂದ ದಿನವೇ ಅವನ ಬಿಸಿಲು ಹೋಗುತ್ತೆ. ಶೆಡ್ಡಿಗೆ ಬೀಗ ಬೀಳುತ್ತೆ. ನನಗೇನು, ನಾನು ಊಟ ಮಾಡ್ತೀನಿ. ನಿನ್ನ ಹೆಂಗಸರು? ನನ್ನನ್ನ ಕಟುಕ ಅನ್ನೋ ಮುಂಚೆ ಹೋಗಿ ಅವರನ್ನ ಕೇಳು."

ಮನುಷ್ಯ ಸ್ವಾರ್ಥಿ ಹೌದು, ಆದ್ರೆ ಹೇಳಿದ್ದು ಸುಳ್ಳಲ್ಲ. ಮಾರನೇ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಶೆಡ್ಡಿನೊಳಗೆ ಡಬ್ಬಿ ಬಿಚ್ಚಿ ಕೂತಾಗ ವಿಷಯ ಎತ್ತಿದೆ. ಇದ್ರೀಸ್ ಹೊರಗೆ ಸ್ಟೂಲಿನ ಮೇಲೆ ಒಬ್ಬನೇ ತುಪ್ಪದನ್ನ ತಿಂತಿದ್ದ. ದಂಡೆಯ ಮೇಲೆ ಕಂಡದ್ದು, ಕೇಳಿದ್ದು ಎಲ್ಲ ಹೇಳಿದೆ. "ಸಕೀನಾನ ತರಬೇಕಾದ್ರೆ ನನ್ನ ಜೊತೆ ಊರಿನೋರು ಇನ್ನೊಬ್ಬರು ಬೇಕು. ಬಂದ್ರೆ ಬಿಸಿಲು ಹೋಗಬಹುದು, ಕೆಲಸವೂ ಹೋಗಬಹುದು. ನೀವೇ ಹೇಳಿ" ಅಂದೆ.

ಕೆಂಪಿಯೇ ಮೊದಲು ಬಾಯಿ ಬಿಟ್ಲು. ಅವಳ ಕೋಪ ಆಗಲೇ ಇಳಿದಿತ್ತು, ಆದ್ರೆ ಹೆದರಿಕೆ ಹತ್ತಿತ್ತು. "ಅಯ್ಯೋ ಅನ್ನಿಸುತ್ತೆ ನಂಜಕ್ಕ. ಆದ್ರೆ ನನ್ನ ಮಗಳಿನ್ನೂ ಬಾಣಂತಿ. ಅವಳಿಗೆ ಏನು ಹಾಕಲಿ? ಅವನ ಹೆಂಡ್ತಿ ಹೊಳೆಯಾಚೆ ಜೀವಂತ ಇದ್ದಾಳೆ, ಎರಡು ಹೊತ್ತು ಊಟ ಹಾಕ್ತಾರೆ. ಈ ಒಂದು ಮಳೆಗಾಲ ತಡೆದ್ರೆ ಏನಾಗುತ್ತೆ?"

"ಮುಂದಿನ ಮಳೆಗಾಲಕ್ಕೂ ಹಂಗೇ ಅಂತೀಯ" ಅಂದ್ಲು ಪೆಮಾ.

ಪೆಮಾ ನಾಲ್ಕು ಜನರ ಮುಂದೆ ಮಾತಾಡೋಳಲ್ಲ. ಒಲೆ ಪಕ್ಕ ಕೂತಿದ್ಲು, ಅವಳ ಡಬ್ಬಿಯ ಅನ್ನದ ಮೇಲೆ ಬಿದ್ದ ಹಿಮವನ್ನ ಬೆರಳಲ್ಲಿ ಸರಿಸ್ತಿದ್ಲು. "ನಾನು ಬಂದಾಗ ನಿನ್ನ ಮಗಳು ತೊಟ್ಟಿಲಲ್ಲಿದ್ಲು ಕೆಂಪಮ್ಮ. ಈಗ ಅವಳಿಗೇ ಕೂಸು. ಬೇಸಿಗೆ ಬಂತು ಅಂದ್ರೆ ಎಲ್ಲರೂ ನನ್ನ ಪಕ್ಕ ಕೂರ್ತೀರಿ. ಪೆಮಾ ಎಷ್ಟು ತಂಪು ಅಂತೀರಿ. ನನಗೆ ಖುಷಿಯೇ ಆಗ್ತಿತ್ತು. ಆದ್ರೆ ನನಗೆ ಚಳಿ ಆಗುತ್ತಾ ಅಂತ ಯಾರಾದ್ರೂ ಕೇಳಿದ್ರಾ? ಯಜಮಾನ್ರು ಅವನಿಗೆ ಮಾಡಿದ್ದು ಗೊತ್ತಾಯ್ತು, ಬೈತೀರಿ. ನನಗೆ ಯಾರೂ ಏನೂ ಮಾಡಲಿಲ್ಲ. ಮನೆಗೆ ಕರೀಲಿಲ್ಲ, ಅಷ್ಟೆ."

ಅವಳು ಕೂಗಿ ಹೇಳಿದ್ರೆ ಜಗಳ ಆಡಬಹುದಿತ್ತು. ಮೆಲ್ಲಗೆ ಹೇಳಿ ಡಬ್ಬಿ ಮುಚ್ಚಿ ಎದ್ದು ಹೋದ್ಲು. ನಾನೂ ಡಬ್ಬಿ ಮುಚ್ಚಿದೆ. ನಾನೇ ಅಲ್ಲವಾ ಅವಳನ್ನ ಒಲೆ ಹತ್ತಿರ ಕೂರಿಸಿ, ಎಂಥ ಬುದ್ಧಿವಂತಿಕೆ ನನ್ನದು ಅಂದ್ಕೊಂಡಿದ್ದು! ಆ ಮಧ್ಯಾಹ್ನ ಕೆಂಪಿ ಲಟ್ಟಿಸಿದ ಹಪ್ಪಳಗಳು ಒಂದೂ ದುಂಡಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದ್ರೆ ಜಗಲಿಯ ಕೆಳಗೆ ಕೆಂಪಿ ಕೊಡೆ ಹಿಡಿದು ನಿಂತಿದ್ದಾಳೆ. "ಇನ್ನೂ ಮುಖ ತೊಳೆದಿಲ್ವಾ ನೀನು? ಹೊರಡು ಬೇಗ. ಮನಸ್ಸು ಬದಲಾಗೋದ್ರೊಳಗೆ ಹೋಗಿ ಬಂದುಬಿಡೋಣ."

ದೋಣಿ ಕಟ್ಟೆಯ ಕಲ್ಲಿನ ಮೇಲೆ ನಿಂತು ನಾನು ಹೇಳೋ ಮುಂಚೆ ಅವಳೇ ಹೇಳಿದ್ಲು. ಆಚೆ ದಡಕ್ಕೂ ಕೇಳಬೇಕು, ಅಷ್ಟು ಗಟ್ಟಿಯಾಗಿ. "ಸಕೀನಾ ನಮ್ಮವಳು! ನಮ್ಮ ಮನೇಲಿ ಜಾಗ ಇದೆ!" ನಾನೂ ಹೇಳಿದೆ. ದೋಣಿ ಬಂತು. ಇಳಿದವಳು ಸಣ್ಣಗೆ, ಉದ್ದಕ್ಕೆ, ಒಂದು ಬಟ್ಟೆಗಂಟು ಹಿಡಿದ ಹೆಂಗಸು. ನಮ್ಮಿಬ್ಬರ ಕೈ ಹಿಡ್ಕೊಂಡು ಏನೋ ಹೇಳಿದ್ಲು, ಭಾಷೆ ತಿಳೀಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಮೂವರೂ ಊರ ಕಡೆ ನಡೆದ್ವಿ. ಮಳೆ ಜೋರಾಗಿತ್ತು, ಆದ್ರೆ ಅವಳ ಬಿಸಿಲೊಳಗೆ ನಾವಿಬ್ಬರೂ ಕೊಡೆ ಮಡಚಿಕೊಂಡು ಬೆಚ್ಚಗೆ ನಡೀತಿದ್ವಿ. ಸ್ವಲ್ಪ ದೂರ ಹೋದ್ಮೇಲೆ ಕೆಂಪಿ ನನ್ನ ಕಿವಿ ಹತ್ತಿರ ಬಂದು, "ನಂಜಕ್ಕ, ಇವಳದ್ದು ಅವನದಕ್ಕಿಂತ ಜೋರಾಗಿದೆ ಕಣೇ. ಇವಳನ್ನ ಎರಡು ದಿನ ನನ್ನ ಮನೇಲಿ ಇಟ್ಕೊಂಡು, ಅವನಿಗೆ ಹೇಳದೆ, ಹಪ್ಪಳ..." ಅಂತ ಶುರು ಮಾಡಿದವಳು ಅಲ್ಲೇ ನಿಂತ್ಲು. "ಥೂ, ನನ್ನ ಬುದ್ಧಿಗಿಷ್ಟು!" ಅಂತ ತನ್ನ ಕೆನ್ನೆಗೆ ತಾನೇ ಹೊಡ್ಕೊಂಡ್ಲು. ನಾನು ನಗಲಿಲ್ಲ. ಯಾಕಂದ್ರೆ ನಾನೂ ಅದನ್ನೇ ಯೋಚಿಸ್ತಿದ್ದೆ.

ಶೆಡ್ಡಿನ ಗೇಟು ದಾಟಿದಾಗ ಅಂಗಳ ತುಂಬ ಕೆಲಸ ನಡೀತಿತ್ತು. ಇದ್ರೀಸನ ಸುತ್ತ ಹಸಿ ಹಪ್ಪಳದ ಚಾಪೆಗಳು. ಅವನು ಕಣ್ಣು ಮುಚ್ಚಿ ಕೂತಿದ್ದ. ಏನನ್ನ ನೆನೆಸ್ಕೊಳ್ತಿದ್ನೋ ಅಂತ ನನಗೆ ಸಂಕಟವಾಯ್ತು. ಸಕೀನಾ ಅವನನ್ನ ಹೆಸರು ಹಿಡಿದು ಕರೆದ್ಲು, ಒಂದೇ ಸಲ. ಅವನು ಕಣ್ಣು ತೆಗೆದ.

ಅವನು ಎದ್ದದ್ದು ಗೊತ್ತು, ಸ್ಟೂಲ್ ಬಿದ್ದದ್ದು ಗೊತ್ತು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಇಬ್ಬರ ಬಿಸಿಲೂ ಒಟ್ಟಿಗೇ ಆರಿಹೋಯ್ತು. ಮಳೆ ಅವರ ಮೇಲೆ ಸುರೀತು, ಚಾಪೆಗಳ ಮೇಲೆ ಸುರೀತು. ಹೆಂಗಸರು ಅಯ್ಯಯ್ಯೋ ಅಂತ ಓಡಿದ್ರು. ಓಂಕಾರಪ್ಪನವರು ಕಿಟಕಿಯಲ್ಲಿ ತಲೆ ಹಿಡ್ಕೊಂಡ್ರು.

ಆಗ ಇದ್ರೀಸ್ ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಹೆಂಡತಿಯನ್ನ ಬಿಟ್ಟು ಚಾಪೆಗಳ ಮೇಲೆ ಮೊಣಕಾಲೂರಿ ಬಿದ್ದ. ತನ್ನ ಬೆನ್ನಿನಿಂದ ಹಪ್ಪಳಗಳಿಗೆ ಮರೆ ಮಾಡೋಕೆ ನೋಡಿದ. ಒಂದು ಚಾಪೆಗೆ ಮರೆಯಾದ್ರೆ ಇನ್ನೊಂದು ನೆನೆಯುತ್ತೆ, ಅಲ್ಲಿಂದ ಇಲ್ಲಿಗೆ ತೆವಳ್ತಿದ್ದ. ಕಣ್ಣು ಬಿಗಿಯಾಗಿ ಮುಚ್ಚಿ, "ಬಾವಿ... ಅಪ್ಪ... ಬಾವಿ..." ಅಂತ ಗೊಣಗ್ತಿದ್ದ. ಬಿಸಿಲು ಬರಲಿಲ್ಲ. "ತಪ್ಪಾಯ್ತು, ತಪ್ಪಾಯ್ತು, ಒಂದು ನಿಮಿಷ ಇರಿ, ಬರುತ್ತೆ" ಅಂತ ನಮ್ಮೆಲ್ಲರಿಗೂ ಕೈ ಮುಗೀತಿದ್ದ. ಅವನ ಹೆಂಡತಿ ಏನೂ ಅರ್ಥವಾಗದೆ ಮಳೆಯಲ್ಲಿ ನಿಂತಿದ್ಲು.

ಕೆಂಪಿ ಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿದ್ಲು. "ಸಾಕು ಏಳೋ. ಹಿಟ್ಟು ಹೋದ್ರೆ ಹೋಯ್ತು. ಅಷ್ಟು ದೂರದಿಂದ ಬಂದವಳನ್ನ ಹಿಂಗೆ ನೆನೆಸ್ತಾರಾ? ಮೊದಲು ಅವಳನ್ನ ಒಳಗೆ ಕರ್ಕೊಂಡು ಹೋಗು." ಆ ಚಾಪೆಗಳಲ್ಲಿದ್ದ ಹಪ್ಪಳದಲ್ಲಿ ಹೆಚ್ಚಿನದನ್ನ ಹಿಂದಿನ ದಿನ ಲಟ್ಟಿಸಿದ್ದು ಅವಳ ಕೈಯೇ.

ಶೆಡ್ಡಿಗೆ ಅವತ್ತೇ ಬೀಗ ಬಿತ್ತು. ನನ್ನ ಮೇಸ್ತ್ರಿಕೆಯೂ ಹೋಯ್ತು. ಆ ಮಳೆಗಾಲ ಸುಖವಾಗಿತ್ತು ಅಂತ ನಾನು ಹೇಳಲ್ಲ, ಹಂಗೆ ಹೇಳೋಳು ಸುಳ್ಳಿ. ಕೆಂಪಿಯ ಮಗಳಿಗೆ ಹಾಲು ಸಾಲದೆ ಕೂಸು ಇಡೀ ದಿನ ಅಳ್ತಿತ್ತು. ಒಂದಿಬ್ಬರು ನನ್ನ ಜೊತೆ ಮಾತು ಬಿಟ್ರು. ಉಳಿದವರೆಲ್ಲ ಕೆಂಪಿಯ ಜಗಲಿಯಲ್ಲಿ ಸೇರಿ ಒಂದೇ ಒಲೆ ಹಚ್ಚೋದು, ಇದ್ದಬದ್ದ ರಾಗಿ, ಸೊಪ್ಪು ಒಟ್ಟು ಹಾಕಿ ಬೇಯಿಸೋದು. ಕೆಂಪಿ ತಾನೇ ಹೋಗಿ ಪೆಮಾಳನ್ನ ಕೈ ಹಿಡಿದು ಕರೆತಂದು ಕೂಸಿನ ತೊಟ್ಟಿಲ ಪಕ್ಕವೇ ಕೂರಿಸಿದ್ಲು, ಕೂಸಿಗೆ ಎರಡು ಕಂಬಳಿ ಹೊದಿಸಿದ್ಲು. ಪೆಮಾಳ ಹಿಮ ಇನ್ನೂ ಪೂರ್ತಿ ಹೋಗಿಲ್ಲ. ಅಷ್ಟು ವರ್ಷದ್ದು ಒಂದು ಮಳೆಗಾಲಕ್ಕೆ ಹೇಗೆ ಹೋದೀತು? ಮಳೆ ನಿಂತಮೇಲೆ ಓಂಕಾರಪ್ಪನವರು ಇನ್ಯಾರನ್ನೋ ಮೇಸ್ತ್ರಿ ಮಾಡಿ ನೋಡಿದ್ರು. ವಾರದೊಳಗೆ ದ್ವೀಪದವರೂ ಗುಡ್ಡದವರೂ ಲಟ್ಟಣಿಗೆ ಹಿಡಿದು ಜಗಳಕ್ಕೆ ನಿಂತರಂತೆ. ನನಗೆ ಹೇಳಿ ಕಳಿಸಿದ್ರು.

ಆದ್ರೆ ನಾನು ಹೇಳಬೇಕು ಅಂದ್ಕೊಂಡಿದ್ದು ಆ ಮಳೆಗಾಲದ ನಡುವಿನ ಒಂದು ಬೆಳಿಗ್ಗೆಯ ಮಾತು. ಇದ್ರೀಸ್ ಬಿಸಿಲು ಹೋದ ದಿನದಿಂದ ಯಾರ ಮುಖವನ್ನೂ ನೋಡ್ತಿರಲಿಲ್ಲ. ಜಗಲಿಗೆ ಬಂದ್ರೂ ಕಂಬಕ್ಕೆ ಒರಗಿ ತಲೆ ಬಗ್ಗಿಸಿ ಕೂರ್ತಿದ್ದ. ನಮ್ಮ ಅನ್ನ ಕಿತ್ಕೊಂಡೆ ಅಂತ ಅವನ ಮನಸ್ಸಲ್ಲಿ. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ. ಆವತ್ತು ನಾವೆಲ್ಲ ಕೂತು ಸೊಪ್ಪು ಬಿಡಿಸ್ತಿದ್ವಿ. ಮಳೆ ವಾರದಿಂದ ಬಿಟ್ಟಿರಲಿಲ್ಲ. ಇದ್ರೀಸ್ ತೊಯ್ದು ತೊಪ್ಪೆಯಾಗಿ ಓಡಿ ಬಂದ. ಒದ್ದೆ ಪಂಚೆಯನ್ನ ಕಂಬದ ಪಕ್ಕ ಹಿಂಡ್ತಾ, ಮೋಡದ ಕಡೆ ನೋಡಿ, ತನ್ನಷ್ಟಕ್ಕೆ ತಾನು ಅನ್ನೋ ಹಂಗೆ ಸಿಡುಕಿದ:

"ಏನಕ್ಕಾ ಇದು ನಮ್ಮೂರಿನ ದರಿದ್ರ ಮಳೆ! ಒಂದು ಬಟ್ಟೆ ಒಣಗಲ್ಲ."

ಸೊಪ್ಪು ಬಿಡಿಸ್ತಿದ್ದ ಕೈಗಳೆಲ್ಲ ನಿಂತವು. ತಾನು ಏನಂದೆ ಅಂತ ಅವನಿಗಿನ್ನೂ ಗೊತ್ತಾಗಿರಲಿಲ್ಲ, ಪಂಚೆ ಹಿಂಡ್ತಾನೇ ಇದ್ದ.